ಹಾಲು ಸುರಿಯುವಾಕೆ



ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿ ಯೊಹಾನೆಸ್ ವರ್ಮೀರ್‌ನ ಒಂದು ಪುಟ್ಟ ವರ್ಣಚಿತ್ರವಿದೆ. ಅದರ ಎತ್ತರ ಕೇವಲ 45.5 ಸೆಂಟಿಮೀಟರ್. ಕಿಟಕಿಯಿಂದ ಬೆಳಕು ಬೀಳುವ ಅಡುಗೆ ಕೋಣೆ, ಮೇಜಿನ ಮೇಲೆ ಬ್ರೆಡ್ಡು. ತೋಳು ಮಡಚಿದ ಕೆಲಸದಾಕೆಯೊಬ್ಬಳು ಹೂಜಿಯಿಂದ ಪಾತ್ರೆಗೆ ಹಾಲು ಸುರಿಯುತ್ತಿದ್ದಾಳೆ. ಚಿತ್ರದಲ್ಲಿ ನಡೆಯುವುದು ಇಷ್ಟೇ.

ಇಷ್ಟರಲ್ಲಿ ಏನು ವಿಶೇಷ? ಅದು ತಿಳಿಯಬೇಕಾದರೆ 17ನೇ ಶತಮಾನದ ಹಾಲೆಂಡ್‌ನ ಕಲಾ ಮಾರುಕಟ್ಟೆಯನ್ನು ನೋಡಬೇಕು. ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚುಗಳು ಚಿತ್ರಗಳನ್ನು ದೂರವಿಟ್ಟಿದ್ದವು. ಕೊಳ್ಳುವವರು ಹೆಚ್ಚಾಗಿ ವ್ಯಾಪಾರಿಗಳು, ಸ್ಥಿತಿವಂತ ಕಸುಬುದಾರರು. ಅವರಿಗೆ ಮನೆವಾರ್ತೆಯ ದೃಶ್ಯಗಳು ಪ್ರಿಯವಾಗಿದ್ದವು. ಆದರೆ ಆ ದೃಶ್ಯಗಳಲ್ಲಿ ಕೆಲಸದವಳು ಎಷ್ಟೋ ಸಲ ನಗೆಪಾಟಲಿನ ವಸ್ತು. ನಿಕೊಲಾಸ್ ಮಾಸ್ 1655ರಲ್ಲಿ ಬಿಡಿಸಿದ ಚಿತ್ರದಲ್ಲಿ ತೊಳೆಯಬೇಕಾದ ಪಾತ್ರೆಗಳು ನೆಲದ ಮೇಲೆ ಬಿದ್ದಿವೆ. ಆಕೆ ತೂಕಡಿಸುತ್ತಿದ್ದಾಳೆ, ಹಿಂದೆ ಬೆಕ್ಕು ಕೋಳಿ ಕದಿಯುತ್ತಿದೆ. ಯಜಮಾನಿ ನೋಡುಗರತ್ತ ತಿರುಗಿ ನಗುತ್ತಿದ್ದಾಳೆ.

ಸುಮಾರು 1660ರ ವೇಳೆಗೆ ವರ್ಮೀರ್ ಈ ನಗೆಯನ್ನು ಪಕ್ಕಕ್ಕಿಟ್ಟ. ಅವನ ಚಿತ್ರದಲ್ಲಿ ಯಜಮಾನಿಯೇ ಇಲ್ಲ. ಕೆಲಸದಾಕೆಯ ಗಮನವೆಲ್ಲ ಹಾಲಿನ ಸಣ್ಣ ಧಾರೆಯ ಮೇಲಿದೆ. 2022ರಲ್ಲಿ ಮ್ಯೂಸಿಯಂ ಪ್ರಕಟಿಸಿದ ಸಂಶೋಧನೆ ಇನ್ನೊಂದು ಸಂಗತಿಯನ್ನು ಬಯಲಿಗೆ ತಂದಿತು. ಆಕೆಯ ಹಿಂದೆ ಹೂಜಿಗಳನ್ನು ತೂಗುಹಾಕುವ ಹಲಗೆ, ಕೆಳಗೆ ಬೆಂಕಿಗೆ ಬಳಸುವ ಬುಟ್ಟಿ ಇವೆರಡನ್ನೂ ವರ್ಮೀರ್ ಮೊದಲು ಬಿಡಿಸಿದ್ದ. ಆಮೇಲೆ ಬಣ್ಣ ಬಳಿದು ಮುಚ್ಚಿದ. ಗೋಡೆ ಬರಿದಾಯಿತು. ನೋಡುವವರ ಕಣ್ಣು ಆಕೆಯ ಮೇಲೆಯೇ ನಿಲ್ಲುವಂತಾಯಿತು.

ವರ್ಮೀರ್‌ನ ಮನೆಯಲ್ಲಿ ತಾನೆಕೆ ಎವರ್‌ಪೂಲ್ ಎಂಬ ಕೆಲಸದಾಕೆ ಇದ್ದಳು. ಚಿತ್ರದಲ್ಲಿರುವವಳು ಅವಳೇ ಎನ್ನಲು ಆಧಾರವಿಲ್ಲ. ಆದರೆ 1666ರ ದಾಖಲೆಯೊಂದರಲ್ಲಿ ಅವಳ ಸಾಕ್ಷ್ಯ ಉಳಿದಿದೆ. ವರ್ಮೀರ್‌ನ ಹೆಂಡತಿ ಕ್ಯಾಥರೀನಾ ತುಂಬು ಗರ್ಭಿಣಿಯಾಗಿದ್ದಾಗ ಆಕೆಯ ಸೋದರ ವಿಲ್ಲೆಮ್, ತುದಿಗೆ ಕಬ್ಬಿಣದ ಮೊಳೆಯಿದ್ದ ಕೋಲು ಹಿಡಿದು ಮೇಲೆರಗಿದ್ದ. ಅಡ್ಡ ಬಂದು ತಡೆದವಳು ತಾನೆಕೆ.

ಕುಂಚಕ್ಕೆ ಕಂಡದ್ದು ಮನೆಗೆಲಸದ ಒಂದು ಗಳಿಗೆ ಮಾತ್ರ. ಆ ಕೆಲಸವೆಂದರೆ ಹಾಲು ಕಾಯಿಸುವುದಷ್ಟೇ ಅಲ್ಲ, ಮನೆಯವರನ್ನು ಕಾಯುವುದೂ ಹೌದೆಂದು ಹಳೆಯ ಕಾಗದ ಹೇಳುತ್ತದೆ. ಹಾಲು ಸುರಿಯುವಾಕೆಯನ್ನು ನೋಡುವಾಗ ತಾನೆಕೆಯ ಹೆಸರನ್ನೂ ನೆನೆಯುವುದು ನ್ಯಾಯ.