ರಕ್ತ ಅಳೆದ ಹಾಳೆ, ಜೀವ ಉಳಿಸಿದ ಗುಳಿಗೆ



ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ಬಸುರಿಯ ಕೈಯಲ್ಲಿ ಆಶಾ ಕಾರ್ಯಕರ್ತೆ ಇಡುವ ಗುಳಿಗೆಯನ್ನು ನೀವೆಲ್ಲ ನೋಡಿರುತ್ತೀರಿ. ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಗುಳಿಗೆ ಅದು. ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಅದು ಗೂಡಿನಲ್ಲೇ ಉಳಿದುಬಿಡುತ್ತದೆ. ಅದರ ಹಿಂದಿನ ಕಥೆ ಗೊತ್ತಾದರೆ ಹಾಗೆ ಬಿಡಲು ಮನಸ್ಸು ಬರಲಿಕ್ಕಿಲ್ಲ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಆಗ ವಿಜಾಪುರ ಎನಿಸಿದ್ದ ನಮ್ಮ ವಿಜಯಪುರವೂ ಮುಂಬೈ ಪ್ರಾಂತದ ಜಿಲ್ಲೆಯೇ. ಮುಂಬೈನ ಬಟ್ಟೆ ಗಿರಣಿಗಳ ಬಡ ಬಸುರಿಯರು ರಕ್ತಹೀನತೆಯಿಂದ ಸಾಯುತ್ತಿದ್ದರು. ಆ ಹೆಂಗಸರು ಏನುಣ್ಣುತ್ತಾರೆ ಎಂದು ವಿಲ್ಸ್ ನೋಡಿದರು. ಈಸ್ಟ್‌ನಿಂದ ತೆಗೆದ ಅಗ್ಗದ ಸಾರ ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಸತ್ವವನ್ನು 1941ರಲ್ಲಿ ಬೇರೆ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಅದೇ ಫೋಲಿಕ್ ಆಮ್ಲ. 1970ರಲ್ಲಿ ಭಾರತ ಸರ್ಕಾರ ಬಸುರಿಯರಿಗೆ ಈ ಗುಳಿಗೆ ಹಂಚಲು ಶುರು ಮಾಡಿತು.

ಇನ್ನು ನಮ್ಮ ಮಗ್ಗುಲಿಗೇ ಬರೋಣ. ಹೆರಿಗೆಯಾದ ಮೇಲೆ ನಿಲ್ಲದ ರಕ್ತಸ್ರಾವ ನಮ್ಮ ಸೀಮೆಯಲ್ಲಿ ಎಷ್ಟು ಬಾಣಂತಿಯರನ್ನು ಒಯ್ದಿದೆಯೋ! ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಸೂಜಿ ಹಾಕುವವರು ಬೇಕು. ಕರೆಂಟಿಲ್ಲದ ಊರಿನಲ್ಲಿ, ನಡುರಾತ್ರಿಯ ಹೆರಿಗೆಯಲ್ಲಿ ಇವೆರಡೂ ಸಿಗುವುದು ಕಷ್ಟ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ. ಎಸ್. ಕೊಡಕಣಿ, ಡಾ. ಶಿವಪ್ರಸಾದ ಗೌಡರ, ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮತ್ತು ಅವರ ಜೊತೆಗಾರರು ಬೇರೆ ದಾರಿ ಹುಡುಕಿದರು. ಮಿಸೊಪ್ರೊಸ್ಟಾಲ್ ಗುಳಿಗೆಗೆ ಫ್ರಿಜ್ ಬೇಡ, ಸೂಜಿಯೂ ಬೇಡ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ ಈ ಗುಳಿಗೆ, ಉಳಿದವರಿಗೆ ನೋಡಲು ಹಾಗೇ ಇದ್ದ, ಔಷಧವಿಲ್ಲದ ಗುಳಿಗೆ. ಕೊಟ್ಟವರು ದೊಡ್ಡ ಡಾಕ್ಟರಲ್ಲ, ಊರಿನ ಎಎನ್‌ಎಂ ಸಿಸ್ಟರುಗಳು.

ಆಗ ಇನ್ನೊಂದು ತೊಡಕು. ಹೋದ ರಕ್ತ ಎಷ್ಟೆಂದು ತಿಳಿಯುವುದು ಹೇಗೆ? ಬಟ್ಟೆಯಲ್ಲಿ ಇಂಗಿದ್ದನ್ನು ಕಣ್ಣಳತೆಯಲ್ಲಿ ಹೇಳಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೆಂದು ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಬಾಣಂತಿಯ ಸೊಂಟದಡಿ ಹಾಸಿದರೆ ರಕ್ತ ಅದರ ಚೀಲಕ್ಕೆ ಇಳಿಯುತ್ತದೆ. ಕಣ್ಣಳತೆ ಈ ಹಾಳೆಯ ಅಳತೆಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತಿತ್ತು. ಆಪತ್ತು ಬಂದದ್ದೇ ತಿಳಿಯದೆ ಹೋಗುತ್ತಿತ್ತು ಎಂದೇ ಇದರ ಅರ್ಥ.

2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಅತಿಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕೆಂದೇ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅಳತೆಯ ಹಾಳೆಯ ಯೋಚನೆಯೂ ಬೆಳೆಯಿತು. 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳ ದೊಡ್ಡ ಪ್ರಯೋಗದಲ್ಲಿ ಅಂಥ ಹಾಳೆಯಿಂದ ಸ್ರಾವ ಗುರುತಿಸಿ ತಕ್ಷಣ ಚಿಕಿತ್ಸೆ ಕೊಟ್ಟಾಗ ಗಂಭೀರ ಅಪಾಯ ಶೇ. 60ರಷ್ಟು ತಗ್ಗಿತು. ಬೆಳಗಾವಿಯ ಹಳ್ಳಿಗಳಲ್ಲಿ ಒಪ್ಪಿ ಮುಂದೆ ಬಂದ ಆ ಬಾಣಂತಿಯರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನನ್ನ ಮಟ್ಟಿಗೆ ಈ ಸಂಶೋಧನೆಯಲ್ಲಿ ಅವರ ಪಾಲು ವೈದ್ಯರ ಪಾಲಿಗಿಂತ ಕಡಿಮೆಯಲ್ಲ.

 ತಾಯಿ ಮಗುವಿನ ಆರೋಗ್ಯಕ್ಕೆಂದು 2009ರಲ್ಲಿ ಶುರುವಾದ ಸುಕ್ಷೇಮ ಯೋಜನೆ ನಮ್ಮ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆಯಿತು. ಅದರಡಿ ಬಳ್ಳಾರಿ, ಕಲಬುರಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗವಾಯಿತು. ಅರ್ಧ ಕೇಂದ್ರಗಳಿಗೆ ಅನುಭವಿ ನರ್ಸೊಬ್ಬರು ಆಗಾಗ ಹೋಗಿ, ಜೊತೆಗೆ ನಿಂತು ಕಲಿಸಿದರು. ಅಂಥ ಕಡೆ ಹೆರಿಗೆಯ ತೊಡಕುಗಳನ್ನು ಎದುರಿಸುವ ಸಿದ್ಧತೆ ಹೆಚ್ಚಿತು.

ಎದೆಹಾಲಿನ ವಿಷಯದಲ್ಲಿ ಮಾತ್ರ ನಾವು ಹಿಂದೆ ಬಿದ್ದಿದ್ದೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿದ ಮಕ್ಕಳು ಅರ್ಧದಷ್ಟು ಮಾತ್ರ. ಗಿಣ್ಣುಹಾಲು ಹಿಂಡಿ ಚೆಲ್ಲಿ, ಜೇನುತುಪ್ಪ ನೆಕ್ಕಿಸುವ ರೂಢಿ ಹಿರಿಯರ ಪ್ರೀತಿಯಿಂದ ಬಂದದ್ದು, ಒಪ್ಪುತ್ತೇನೆ. ಆದರೆ ರೋಗ ತಡೆಯುವ ಸತ್ವ ತುಂಬಿರುವುದು ಆ ಹಳದಿ ಹಾಲಿನಲ್ಲೇ. ಆರು ತಿಂಗಳು ಎದೆಹಾಲೊಂದೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಹೇಳಿದೆ.

ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡುವ ಅಕ್ಕ ತಂಗಿಯರಲ್ಲಿ ನನ್ನದೊಂದು ಕೇಳಿಕೆ. ಗಂಟಿನಲ್ಲಿ ತಾಯಿ ಕಾರ್ಡ್ ಇಟ್ಟುಕೊಳ್ಳಿ, ಗುಳಿಗೆಯನ್ನೂ ಇಟ್ಟುಕೊಳ್ಳಿ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ನುಂಗಿ. ಹೆರಿಗೆಯಾದೊಡನೆ ಮಗುವನ್ನು ಎದೆಗೆ ಕೊಡಿ ಎಂದು ಸಿಸ್ಟರನ್ನು ನೀವೇ ಬಾಯಿಬಿಟ್ಟು ಕೇಳಿ.