ಡಾಕ್ಟರ ಚೀಟಿ, ಮೆಡಿಕಲ್ ಅಂಗಡಿ ಮತ್ತು ನಾವು



ಡಾಕ್ಟರು ಚೀಟಿ ಬರೀತಾರೆ, ಮೆಡಿಕಲ್‌ನವರು ಮಾತ್ರೆ ಕೊಡ್ತಾರೆ, ಅಲ್ಲಿಗೆ ಮುಗೀತು ಅಂತ ನಾವೆಲ್ಲ ತಿಳಿದಿದ್ದೇವೆ. ಕಾನೂನು ಹಾಗೆ ಹೇಳುವುದಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಫಾರ್ಮಸಿಸ್ಟರು ಚೀಟಿಯನ್ನು ಪರಿಶೀಲಿಸಬೇಕು. ಪ್ರಮಾಣ ಹೆಚ್ಚಾಗಿದೆ, ಒಂದು ಮದ್ದು ಇನ್ನೊಂದಕ್ಕೆ ಹೊಂದುವುದಿಲ್ಲ ಎಂದು ಕಂಡರೆ ಬರೆದ ಡಾಕ್ಟರನ್ನೇ ಕೇಳಬೇಕು. ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ನಮಗೂ ತಿಳಿಸಬೇಕು.

ಇದೇನು ಸಣ್ಣ ವಿಷಯವಲ್ಲ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ಕೊಡುತ್ತಾರೆ. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣಗಳು ಕುಸಿದು, ಪ್ರಾಣಕ್ಕೇ ಅಪಾಯ. ಡಾಕ್ಟರು ಚೀಟಿಯಲ್ಲಿ ವಾರದ ದಿನವನ್ನು ಬರೆದು, ಫಾರ್ಮಸಿಸ್ಟರು ಅದನ್ನೇ ಕವರ್ ಮೇಲೆ ಬರೆದು, ಬಾಯಲ್ಲೂ ಹೇಳಿದರೆ ಒಂದು ಜೀವ ಉಳಿದೀತು.

ಸಕ್ಕರೆ ಕಾಯಿಲೆಗೆ ನಾವು ಸರಕಾರಿ ಆಸ್ಪತ್ರೆಗೂ ಹೋಗ್ತೇವೆ, ಪೇಟೆಯ ಡಾಕ್ಟರ ಹತ್ರಾನೂ ಹೋಗ್ತೇವೆ. ಒಬ್ಬರು ಗ್ಲೈಕೊಮೆಟ್ ಬರೆದರೆ ಇನ್ನೊಬ್ಬರು ಗ್ಲೈಸಿಫೇಜ್ ಬರೆಯಬಹುದು. ಹೆಸರು ಎರಡು, ಒಳಗಿರುವ ಮದ್ದು ಒಂದೇ, ಮೆಟ್‌ಫಾರ್ಮಿನ್. ಎರಡೂ ಚೀಟಿ ತೋರಿಸದಿದ್ದರೆ ಯಾರಿಗೆ ಗೊತ್ತಾಗಬೇಕು? ಬಿ.ಪಿ. ಮಾತ್ರೆ ತಿನ್ನುವವರು ಮೊಣಕಾಲು ನೋವಿಗೆ ಅಂಗಡಿಯಲ್ಲೇ ಕೇಳಿ ಡೈಕ್ಲೋಫೆನಾಕ್ ತಿನ್ನುವುದೂ ಹಾಗೇ. ಬಿ.ಪಿ. ಹತೋಟಿ ತಪ್ಪಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ನಿಜ ಹೇಳಬೇಕೆಂದರೆ ಕೆಲವು ಅಂಗಡಿಗಳಲ್ಲಿ ಗೋಡೆ ಮೇಲೆ ಸರ್ಟಿಫಿಕೇಟ್ ಇರುತ್ತೆ, ಅದರ ಮನುಷ್ಯ ಇರೋದಿಲ್ಲ! "ಫಾರ್ಮಸಿಸ್ಟ್ ಯಾರು?" ಎಂದು ಕೇಳಲು ಸಂಕೋಚ ಬೇಡ. ಚೀಟಿಯಲ್ಲಿರುವ ಮಾತ್ರೆ ಸಿಗದೆ "ಇದೂ ಅದೇ, ತಗೊಳ್ಳಿ" ಅಂದರೆ, ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ ಅನ್ನಿ. ಷೆಡ್ಯೂಲ್ ಎಚ್ ಮದ್ದನ್ನು ತಾವಾಗಿಯೇ ಬದಲಿಸಿ ಕೊಡಲು ಅಂಗಡಿಯವರಿಗೆ ಅಧಿಕಾರವಿಲ್ಲ. ಆದರೆ ಅವರು ನಿಮ್ಮ ಹೆಸರು, ಡಾಕ್ಟರ ಹೆಸರು ಕೇಳಿ ಬರೆದುಕೊಂಡರೆ ಬೇಜಾರು ಮಾಡ್ಕೋಬೇಡಿ. ಕ್ಷಯದ ಮದ್ದು ಹಾಗೂ ಕೆಲವು ಆಂಟಿಬಯೋಟಿಕ್‌ಗಳಿಗೆ 2014ರಿಂದ ಪ್ರತ್ಯೇಕ ಪುಸ್ತಕ ಇಡಬೇಕು, ಮೂರು ವರ್ಷ ಕಾಯ್ದಿರಿಸಬೇಕು ಎಂಬ ನಿಯಮವಿದೆ.

ಡಾಕ್ಟರು ಒಂದು ಕಡೆ, ಫಾರ್ಮಸಿಸ್ಟರು ಇನ್ನೊಂದು ಕಡೆ. ನಮ್ಮೂರಲ್ಲಿ ಅವರಿಬ್ಬರ ನಡುವೆ ಓಡಾಡುವುದು ನಮ್ಮ ಕೈಚೀಲ ಮಾತ್ರ. ಮುಂದಿನ ಸಭೆಗೆ ಮನೆಯಲ್ಲಿರುವ ಎಲ್ಲಾ ಚೀಟಿ, ಮಾತ್ರೆಪಟ್ಟಿಗಳನ್ನು ಅದರಲ್ಲೇ ಹಾಕಿಕೊಂಡು ಬನ್ನಿ. ಒಬ್ಬೊಬ್ಬರಿಗೂ ಒಂದು ಕಾರ್ಡಿನಲ್ಲಿ ಮದ್ದಿನ ಹೆಸರು, ಹೊತ್ತು, ಬರೆದ ಡಾಕ್ಟರ ಫೋನ್ ನಂಬರು ಬರೆಯೋಣ. ಅಕ್ಷರ ಬಾರದವರಿಗೆ ಪಕ್ಕದವರು ಬರೆದುಕೊಡಿ.