ಕುದುರೆಮುಖಕ್ಕೆ ಹೊರಡುವ ಮುನ್ನ



ಉಡುಪಿ, ಮಣಿಪಾಲ, ಕಾಪುಗಳಲ್ಲಿ ವಾಸಿಸುವ ನಮಗೆ ಮೂಡಣ ದಿಗಂತದ ಘಟ್ಟದ ಸಾಲು ನಿತ್ಯಪರಿಚಿತವಾದುದು. ಆ ಸಾಲಿನಲ್ಲಿ ಅಶ್ವದ ಮೋರೆಯನ್ನು ಹೋಲುವ ಶಿಖರವೇ ಕುದುರೆಮುಖ. ಅದರ ಎತ್ತರ 1,890 ಮೀಟರುಗಳಿಗೆ ಮಿಗಿಲು. ಕಾರ್ಕಳದಿಂದ ಬಜಗೋಳಿ, ಮಾಳಗಳ ಮಾರ್ಗವಾಗಿ ಘಟ್ಟವೇರಿದರೆ, 1987ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನವನ್ನು ಹೊಗುತ್ತೇವೆ. ಶಿಖರಕ್ಕೆ ನಡೆಯತಕ್ಕವರು ಮಾತ್ರ ಕಳಸದ ಬಳಿಯ ಸಂಸೆಯ ಕಡೆಯಿಂದ ಹೊರಡಬೇಕು.

ಮಳೆಗಾಲದಲ್ಲಿ ಉಂಬಳಗಳ ಕಾಟ, ಜಾರುವ ದಾರಿ. ಬೇಸಗೆಯಲ್ಲಿ ಒಣಹುಲ್ಲಿಗೆ ಕಿಚ್ಚಿನ ಭಯ. ನಡುವಣ ದಿನಗಳೇ ಲೇಸು. ಅರಣ್ಯ ಇಲಾಖೆಯ ಅಪ್ಪಣೆಯನ್ನು ಮುಂಚಿತವಾಗಿ ಪಡೆಯದೆ ಹೊರಟರೆ ಬರಿದೆ ಹಿಂದಿರುಗಬೇಕಾದೀತು.

ಈ ಕಟ್ಟುಪಾಡು ನಮ್ಮಲ್ಲಿ ಕೆಲವರಿಗೆ ಬೇಸರ ತರುವುದುಂಟು. ಆದರೆ ಇದೇ ಬೆಟ್ಟದ ಒಡಲನ್ನು ಬಗೆದು, ಕಬ್ಬಿಣದ ಅದಿರನ್ನು ಕೊಳವೆಯಲ್ಲಿ ಪಣಂಬೂರಿಗೆ ಹರಿಯಿಸಿದ ಕಾಲವೊಂದಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ಮೇರೆಗೆ 2005ರ ಕೊನೆಗೆ ಆ ಗಣಿ ನಿಂತಿತು. ಅಲ್ಲಿಯ ಹುಲ್ಲುಗಾವಲೂ ಶೋಲಾ ಕಾಡೂ ಮಳೆಯನ್ನು ಹೀರಿಕೊಂಡು ತುಂಗೆ, ಭದ್ರೆ, ನೇತ್ರಾವತಿಗಳಿಗೆ ಮೆಲ್ಲಮೆಲ್ಲನೆ ಬಿಡುತ್ತವೆ. ಉಡುಪಿ, ಮಣಿಪಾಲಗಳ ನಲ್ಲಿಗಳಿಗೆ ನೀರನ್ನೀಯುವ ಸ್ವರ್ಣೆಯೂ ಈ ಘಟ್ಟದ ಮಗಳೇ. ಆದುದರಿಂದ ನಾವು ನೋಡಹೋಗುವುದು ಅನ್ಯರ ಸೊತ್ತನ್ನಲ್ಲ, ನಮ್ಮ ಮನೆಯ ನೀರಿನ ಮೂಲವನ್ನು. ಗುದ್ದಲಿ ಬಿಟ್ಟುಹೋದ ಬೆಟ್ಟವನ್ನು ನಮ್ಮ ಕಾಲ್ತುಳಿತವೂ ಕಸವೂ ಕೆಡಿಸಬಾರದು.

ಈ ಸಲ ಸ್ಥಳವಿಲ್ಲವೆಂಬ ಉತ್ತರ ಬಂದರೆ ಮುನಿಯದೆ ಮುಂದಿನ ವರ್ಷಕ್ಕೆ ಕಾಯೋಣ. ಅಲ್ಲಿಯವರೆಗೆ ನೀಲಿಯ ಆ ಸಾಲು ನಮ್ಮ ಮೂಡಣದಲ್ಲಿ ಇದ್ದೇ ಇರುವುದು.